ದೀಪ ಹಿಡಿಯುವ ಕೆಲಸ

ತಮ್ಮ ತೀರಿಕೊಂಡ ದಿನ, ಸುದ್ದಿ ಬಂದಾಗ ನಾನು ಜಪದ ಕೊನೆಯ ಸುತ್ತಿನಲ್ಲಿದ್ದೆ. ಬೀದಿ ತುದಿಯಲ್ಲಿ ಗಾಡಿಯ ಬಿಡಿಭಾಗ ಮಾರುವವನು ಓಡಿಬಂದು, "ನಿಮ್ಮ ತಮ್ಮ ನಮ್ಮ ಅಂಗಡಿ ಮುಂದೆ ಕುಸಿದುಬಿಟ್ರು" ಎಂದ. ನಾನೂ ತಮ್ಮನ ಹೆಂಡತಿಯೂ ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ಹೃದಯ ನಿಂತಿದೆ ಎಂದರು ವೈದ್ಯರು. ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿ, ಊರಲ್ಲಿ ನಿಂತದ್ದನ್ನೆಲ್ಲ ಓಡಿಸಿದವನು ಅವನು.

ಮನೆಗೆ ಮರಳಿದಾಗ ಅಂಗಳದಲ್ಲಿ ಅವನ ಮೋಟರ್‌ಸೈಕಲ್ ಹಾಗೆಯೇ ನಿಂತಿತ್ತು, ಹಿಂದಿನ ಚಕ್ರ ನೆಲದಿಂದ ನಾಲ್ಕು ಬೆರಳು ಮೇಲೆ. ಆ ಗಾಡಿಗೆ ನಡುವಿನ ಸ್ಟ್ಯಾಂಡ್ ಇರಲಿಲ್ಲ, ಎಡಗಡೆ ಪಕ್ಕದ ಸ್ಟ್ಯಾಂಡ್ ಒಂದೇ. ಚೈನ್ ತೊಳೆಯಬೇಕೆಂದರೆ ಪ್ಯಾಡಕ್ ಸ್ಟ್ಯಾಂಡ್ ಎಂಬ ಕಬ್ಬಿಣದ ಚೌಕಟ್ಟನ್ನು ಹಿಂದಿನಿಂದ ಕೊಟ್ಟು ಎತ್ತಬೇಕು. ಅದರ ಹಿಡಿಕೆಯನ್ನು ಕೆಳಕ್ಕೆ ಒತ್ತಿದರೆ ಗಾಡಿ ಏಳುತ್ತದೆ, ಮೇಲಕ್ಕೆ ಎತ್ತಿದರೆ ಇಳಿಯುತ್ತದೆ. ಅಚ್ಚುಕೂಟದಲ್ಲಿ ಕರಡು ತಿದ್ದಿ ಬದುಕಿದ ನನಗೆ ಈ ತಲೆಕೆಳಗಿನ ವ್ಯವಹಾರ ಕೊನೆಗೂ ತಲೆಗೆ ಹತ್ತಲಿಲ್ಲ.

ಆದರೂ ಒಂಬತ್ತು ವರ್ಷದಿಂದ ಪ್ರತಿ ಭಾನುವಾರ ಆ ಕೆಲಸದಲ್ಲಿ ನನಗೊಂದು ಪಾಲು ಇತ್ತು. ಬೆಳಿಗ್ಗೆ ತಮ್ಮ ಅಂಗಳದಿಂದ ಕೂಗುತ್ತಿದ್ದ: "ಅಣ್ಣಾ, ದೇವರಿಗೂ ಸ್ವಲ್ಪ ಬಿಡುವು ಕೊಡು ಮಾರಾಯ. ಬಂದು ದೀಪ ಹಿಡಿ." ದೀಪವೆಂದರೆ ಗಾಡಿಯ ಹೆಡ್‌ಲೈಟು. ನಾನು ಮುಂದೆ ನಿಂತು ಎರಡೂ ಕೈಯಿಂದ ಅದನ್ನು ಹಿಡಿದುಕೊಳ್ಳಬೇಕು. ಅವನು ಹಿಂದೆ ಹೋಗಿ ಗಾಡಿ ಎತ್ತುವನು. "ಕಣ್ಣು ಮುಚ್ಚಬೇಡ, ನೋಡಿದೋರು ಗಾಡಿಗೆ ಆಶೀರ್ವಾದ ಮಾಡ್ತಿದ್ದೀಯ ಅಂದ್ಕೋತಾರೆ" ಎಂದು ಅಲ್ಲಿಂದಲೇ ಕಿಚಾಯಿಸುವನು. ಎತ್ತುವಾಗ ಒಮ್ಮೆ, ಇಳಿಸುವಾಗ ಒಮ್ಮೆ. ನಡುವಿನ ಒಂದು ಗಂಟೆ ನಾನು ಮೆಟ್ಟಿಲ ಮೇಲೆ ಕೂತು ಅವನ ಹರಟೆ ಕೇಳುವುದು. ಪ್ರಾರ್ಥನಾ ಮಂದಿರದ ಗೆಳೆಯರಿಗೆ ನಾನು ಹೆಮ್ಮೆಯಿಂದ ಹೇಳಿಕೊಂಡದ್ದೂ ಉಂಟು: "ನಮ್ಮ ತಮ್ಮನ ಗಾಡಿ ನಿಲ್ಲೋದೇ ನನ್ನಿಂದ."

ಆ ದಿನವೂ ಎತ್ತುವಾಗ ಹೋಗಿದ್ದೆ. ಅಂದು ಮಾತ್ರ ಹರಟೆಗೆ ಕೂರದೆ ಒಳಗೆ ಬಂದು ಜಪಮಾಲೆ ಹಿಡಿದೆ. ಅರ್ಧ ಗಂಟೆಯ ಮೇಲೆ ಅವನು ಕಿಟಕಿಯಲ್ಲಿ ಇಣುಕಿ, "ಆಯ್ತೇನೋ? ದೀಪ ಹಿಡಿಯೋದಿದೆ" ಎಂದ. "ಇನ್ನೊಂದು ಸುತ್ತಿದೆ, ತಡಿ" ಎಂದೆ. "ಸರಿ ಮಹಾತ್ಮ, ಅಷ್ಟರಲ್ಲಿ ಅಂಗಡಿಗೆ ಹೋಗಿ ಬರ್ತೀನಿ" ಎಂದು ಬಿಸಿಲಲ್ಲಿ ನಡೆದೇ ಹೋದ.

ನಾನು ಎದ್ದು ಹೋಗಿದ್ದರೆ ಗಾಡಿ ಇಳಿಯುತ್ತಿತ್ತು. ಗಾಡಿ ಇಳಿದಿದ್ದರೆ ಅವನು ನಡೆಯಬೇಕಿರಲಿಲ್ಲ. ಈ ಎರಡು ವಾಕ್ಯ ಐದು ವಾರ ನನ್ನ ಎದೆಯಲ್ಲಿ ಕೂತಿದ್ದವು. ಎಷ್ಟು ಸಲ ಓದಿದರೂ ತಿದ್ದಲು ಅವುಗಳಲ್ಲಿ ತಪ್ಪು ಸಿಗಲಿಲ್ಲ. ಜಪಕ್ಕೆ ಕೂತರೆ ಬೆರಳು ಮಣಿಯ ಮೇಲೆ ನಿಲ್ಲುತ್ತಿರಲಿಲ್ಲ. ಗಾಡಿಯನ್ನು ಯಾರೂ ಮುಟ್ಟಬಾರದೆಂದು ಹೇಳಿ ಮೇಲೊಂದು ಹಳೆಯ ಹೊದಿಕೆ ಎಸೆದಿದ್ದೆ.

ಐದನೆಯ ಭಾನುವಾರ ತಮ್ಮನ ಮಗಳು ಬಂದಳು. ಆಚೆ ಊರಿನ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ಅವಳು. ಕೇಳದೆ ಹೊದಿಕೆ ಎಳೆದುಹಾಕಿದಳು.

"ದೊಡ್ಡಪ್ಪ, ಇಳಿಸೋಣ. ಇನ್ನೆಷ್ಟು ದಿನ ಹೀಗೆ ತುದಿಗಾಲಲ್ಲಿ ನಿಲ್ಲಿಸ್ತೀರಿ ಅದನ್ನ?"

"ಬೇಡ ಕಣೇ. ಅದನ್ನ ಇಳಿಸಬೇಕಾದ ದಿನ ನಾನು ಇಳಿಸಲಿಲ್ಲ" ಎಂದೆ. ಐದು ವಾರ ತಡೆದಿಟ್ಟ ಮಾತು ಅಷ್ಟಕ್ಕೇ ಹೊರಬಿತ್ತು. ಎಲ್ಲವನ್ನೂ ಹೇಳಿದೆ. ಬಾಗಿಲಲ್ಲಿ ನಿಂತಿದ್ದ ತಮ್ಮನ ಹೆಂಡತಿಯೂ ಕೇಳಿಸಿಕೊಂಡಳು.

ಹುಡುಗಿ ಹಣೆ ಗಂಟಿಕ್ಕಿದಳು. "ದೀಪ ಹಿಡಿಯೋದಾ? ಹೆಡ್‌ಲೈಟನ್ನಾ?"

"ಹೂಂ. ಗಾಡಿ ಬೀಳದ ಹಾಗೆ."

"ಹೆಡ್‌ಲೈಟ್ ಹಿಡಿದ್ರೆ ಹೆಡ್‌ಲೈಟ್ ಬೀಳಲ್ಲ ಅಷ್ಟೇ ದೊಡ್ಡಪ್ಪ! ಇದು ಒಬ್ಬರ ಕೆಲಸ. ಅದೂ ಅಲ್ದೆ ಮುಂದೆ ಯಾರೂ ನಿಲ್ಲಲೇಬಾರ್ದು. ಗಾಡಿ ಸ್ಟ್ಯಾಂಡಿಂದ ಜಾರಿದ್ರೆ ನೇರ ಮುಂದಕ್ಕೇ ಬರೋದು."

ನನಗೆ ಸಿಟ್ಟು ಬಂತು. "ಹಾಗಾದ್ರೆ ಒಂಬತ್ತು ವರ್ಷ ನಾನು ಮಾಡಿದ್ದೇನು?"

ತಮ್ಮನ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ಐದು ವಾರದಲ್ಲಿ ಮೊದಲ ಬಾರಿ ಅವಳ ಕಣ್ಣು ನಕ್ಕದ್ದು ಕಂಡೆ. "ಬುಧವಾರ ನೀವು ಮಂದಿರಕ್ಕೆ ಹೋದಾಗ್ಲೂ ಅವರು ಗಾಡಿ ಎತ್ತಿ ಇಳಿಸೋರು ಭಾವ. ಆಗ ಯಾರು ದೀಪ ಹಿಡೀತಿದ್ರು ಅಂದ್ಕೊಂಡ್ರಿ, ಕಾಗೆನಾ?" ಎಂದಳು. ಆಮೇಲೆ ನನ್ನ ಹೆಂಡತಿಯನ್ನು ನೆನೆದು, ದನಿ ತಗ್ಗಿಸಿ, "ಅಕ್ಕ ತೀರಿಕೊಂಡ ವರ್ಷ ಶುರುವಾಗಿದ್ದು ಅದು. ನೀವು ಕೋಣೆ ಬಿಟ್ಟು ಏಳ್ತಿರಲಿಲ್ಲ. ಊಟಕ್ಕೆ ಕರೆದ್ರೂ ಇಲ್ಲ, ನೆಂಟರು ಬಂದ್ರೂ ಇಲ್ಲ. ‘ಬಾ ಅಂದ್ರೆ ಬರಲ್ಲ ಕಣೇ, ಕೆಲಸ ಇದೆ ಅಂದ್ರೆ ಬರ್ತಾನೆ’ ಅಂದ್ರು" ಎಂದಳು.

ಹುಡುಗಿ ಅಷ್ಟರಲ್ಲಿ ಹ್ಯಾಂಡಲಿನ ಬಳಿ ಬಗ್ಗಿದ್ದಳು. ಮುಂದಿನ ಬ್ರೇಕಿನ ಹಿಡಿಯನ್ನು ಒತ್ತಿದಂತೆಯೇ ಪಟ್ಟಿಯಿಂದ ಬಿಗಿದು ಕಟ್ಟಿತ್ತು. "ಇಲ್ಲಿ ನೋಡಿ. ಮುಂದಿನ ಚಕ್ರ ಉರುಳದ ಹಾಗೆ ಒಂದು ಪಟ್ಟಿ ಎಲ್ಲರೂ ಕಟ್ತಾರೆ. ಅಪ್ಪ ಎರಡು ಕಟ್ಟಿದ್ದಾರೆ. ಎರಡನೇದು ಗಾಡಿಗಲ್ಲ ದೊಡ್ಡಪ್ಪ, ನಿಮ್ಮ ಕಾಲು ಕಾಯೋಕೆ."

ಆ ಪಟ್ಟಿಯನ್ನು ನಾನು ಮುಟ್ಟಿ ನೋಡಿದೆ.

ಅವಳು ಹಿಂದಕ್ಕೆ ಹೋಗಿ ಚೈನಿನ ಮೇಲೆ ಬೆರಳಾಡಿಸಿದಳು. "ತೊಳೆದಿದ್ದಾರೆ, ಎಣ್ಣೆ ಹಾಕಿಲ್ಲ. ತುಕ್ಕು ಹಿಡಿದಿದೆ." ಮೆಟ್ಟಿಲ ಕೆಳಗಿದ್ದ ಎಣ್ಣೆಯ ಡಬ್ಬಿಯನ್ನು ಕಿವಿಯ ಬಳಿ ಕುಲುಕಿದಳು. ಸದ್ದೇ ಇಲ್ಲ. "ಖಾಲಿ. ಇದನ್ನ ತರೋಕೇ ಹೋಗಿದ್ದು. ನಿಮಗೆ ಅಪ್ಪ ಗೊತ್ತಿಲ್ವಾ? ಒಣಗಿದ ಚೈನಲ್ಲಿ ಗಾಡಿಯನ್ನ ಗೇಟಿನ ತನಕ ಕೂಡ ಓಡಿಸೋರಲ್ಲ. ನೀವು ಎದ್ದು ಬಂದಿದ್ರೂ ಅವರು ನಡೆದೇ ಹೋಗ್ತಿದ್ರು. ಎಣ್ಣೆ ಹಾಕಿ ಆದ್ಮೇಲೆ ದೀಪ ಹಿಡಿಯೋಕೆ ಬಾ ಅಂತ ಮೊದಲೇ ಹೇಳಿಹೋಗಿದ್ದಾರೆ, ಅಷ್ಟೇ."

ಕರಡಿನಲ್ಲಿ ಕಾಣದ ತಪ್ಪನ್ನು ಆ ಹುಡುಗಿ ಹಿಡಿದಿದ್ದಳು. ನಾನು ಮೆಟ್ಟಿಲ ಮೇಲೆ ಕೂತು ಅತ್ತೆ.

ಅವಳ ಚೀಲದಲ್ಲಿ ಎಣ್ಣೆಯಿತ್ತು. "ಎಂಜಿನ್ ಹಾಕಿ ತಿರುಗಿಸೋದಲ್ಲ, ಬೆರಳು ಹೋಗುತ್ತೆ. ಗಾಡಿ ನ್ಯೂಟ್ರಲ್‌ನಲ್ಲಿದೆ, ನೀವು ಚಕ್ರವನ್ನ ಕೈಯಲ್ಲಿ ನಿಧಾನ ತಿರುಗಿಸಿ, ಚೈನಿಂದ ದೂರ ಹಿಡ್ಕೊಳ್ಳಿ" ಎಂದಳು. ನಾನು ತಿರುಗಿಸಿದೆ. ಕೊಂಡಿಯ ಹಿಂದೆ ಕೊಂಡಿ ಸರಿಯಿತು. ಐದು ವಾರದಿಂದ ನಿಂತಿದ್ದ ನಾಮ ತುಟಿಗೆ ತಾನಾಗಿ ಬಂತು.

"ಈಗ ಇಳಿಸೋರು ನೀವೇ" ಎಂದಳು ಹುಡುಗಿ.

"ನಾನಾ? ನನಗೆ ದೀಪ ಹಿಡಿಯೋದು ಮಾತ್ರ ಗೊತ್ತು."

"ಬಡ್ತಿ ಕೊಟ್ಟಿದ್ದೀನಿ. ಮೊದಲು ಪಕ್ಕದ ಸ್ಟ್ಯಾಂಡ್ ಹೊರಗೆ ತೆಗೀರಿ. ಮರೆತ್ರೆ ಗಾಡಿ ಒರಗೋಕೆ ಜಾಗ ಇರಲ್ಲ. ಹಿಂದೆ ಎಡಗಡೆ ನಿಲ್ಲಿ. ಎಡಗೈ ಸೀಟಿನ ಹಿಂದಿನ ಹಿಡಿಯಲ್ಲಿ, ಬಲಗೈ ಸ್ಟ್ಯಾಂಡಿನ ಹಿಡಿಕೆಯಲ್ಲಿ. ನಿಧಾನ ಎತ್ತಿ. ಒತ್ತಬೇಡಿ ದೊಡ್ಡಪ್ಪ, ಎತ್ತಿ! ಗಾಡಿ ನಿಮ್ಮ ಕಡೆಗೇ ವಾಲಿರಲಿ."

"ಭಾವ, ಕಣ್ಣು ಬಿಡಿ" ಎಂದಳು ತಮ್ಮನ ಹೆಂಡತಿ.

ಕಣ್ಣು ಬಿಟ್ಟು ಹಿಡಿಕೆ ಎತ್ತಿದೆ. ಚಕ್ರ ನೆಲ ಮುಟ್ಟಿತು, ಗಾಡಿ ಒಮ್ಮೆ ಉಸಿರುಬಿಟ್ಟಂತೆ ಕುಗ್ಗಿ ಪಕ್ಕದ ಸ್ಟ್ಯಾಂಡಿನ ಮೇಲೆ ಒರಗಿತು. ಹುಡುಗಿ ಬ್ರೇಕಿನ ಪಟ್ಟಿಗಳನ್ನು ಬಿಚ್ಚಿ, ಒಂದನ್ನು ಚೀಲಕ್ಕೆ ಹಾಕಿಕೊಂಡು, ಎರಡನೆಯದನ್ನು ನನ್ನ ಕೈಗೆ ಕೊಟ್ಟಳು.

ಆ ಪಟ್ಟಿ ಈಗ ನನ್ನ ಜಪಮಾಲೆಯ ಜೊತೆಗಿದೆ.

ದೇವರೇ, ನನ್ನ ತಮ್ಮ ನಿನ್ನ ಬಳಿ ಬಂದಿದ್ದಾನೆ. ಕೈ ಸುಮ್ಮನಿರುವ ಆಸಾಮಿಯಲ್ಲ. ಏನೋ ಒಂದು ನೆಪ ಹೇಳಿ ನಿನ್ನನ್ನೂ ದೀಪ ಹಿಡಿ ಎಂದು ಕರೆದಾನು. ಅದು ಕೆಲಸವಲ್ಲವೆಂದು ನೀನು ಬಲ್ಲೆ. ಆದರೂ ಎದ್ದು ಹೋಗು, ಕೆಲಸ ಮುಗಿಯುವವರೆಗೆ ಅವನ ಬಳಿ ಕೂತಿರು. ಅವನ ಆತ್ಮಕ್ಕೆ ಶಾಂತಿ ಕೊಡು.