ಹುಣಸೆಮರದ ಕೆಳಗಿನ ಫೋಟೋ

ಹುಣಸೆಮರದ ಮರೆಯಲ್ಲಿ ನಿಂತು ಪಾಲಾಕ್ಷ ಉಸಿರು ಬಿಗಿಹಿಡಿದು ಕ್ಯಾಮೆರಾದ ಗುಂಡಿ ಒತ್ತಿದ. ನೆರಳಲ್ಲಿ ಕೂತಿದ್ದ ಇಬ್ಬರು ಹೆಂಗಸರಿಗೂ ಅದು ತಿಳಿಯಲಿಲ್ಲ. ಮುಂದಿದ್ದವಳು ಕಣ್ಣು ಮುಚ್ಚಿದ್ದಳು. ಹಿಂದಿದ್ದವಳು ಅವಳ ಸಿಕ್ಕುಗಟ್ಟಿದ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಬಾಚುತ್ತಿದ್ದಳು.

ದೊಡ್ಡಗದ್ದವಳ್ಳಿ ದೇವಸ್ಥಾನಕ್ಕೆ ಮಂತ್ರಿಗಳು ಬರುತ್ತಾರೆಂದು ಪತ್ರಿಕೆಯವರು ಅವನನ್ನು ಹಾಸನದಿಂದ ಕಳಿಸಿದ್ದರು. ಮಂತ್ರಿಗಳು ಬರಲೇ ಇಲ್ಲ. ಬರಿಗೈಯಲ್ಲಿ ಸೈಕಲ್ ತುಳಿದುಕೊಂಡು ಮರಳುವಾಗ, ದಾರಿಯ ಹಳ್ಳಿಯೊಂದರ ಕೆರೆಯ ಬಳಿ ಸಿಕ್ಕಿದ್ದು ಇದು. ಭಾನುವಾರದ ಪುಟದಲ್ಲಿ ಊರ ಹೆಸರಿನ ಸಮೇತ ಚಿತ್ರ ಅಚ್ಚಾಯಿತು. ಅರವತ್ತೆರಡರ ಆ ವರ್ಷ ಸಂಪಾದಕರು ಅವನ ಬೆನ್ನು ತಟ್ಟಿದ್ದು ಅದೊಂದೇ ಸಲ.

ಮಳೆ ಬಿದ್ದ ಮೇಲೆ, ಆ ಹೆಂಗಸರಿಗೆ ಕೊಡೋಣವೆಂದು ದೊಡ್ಡದೊಂದು ಪ್ರತಿ ಮಾಡಿಸಿಕೊಂಡು ಮತ್ತೆ ಹೋದ. ಮರದ ಕೆಳಗೆ ಯಾರೂ ಇರಲಿಲ್ಲ. ಆಚೆ ರಾಗಿ ಹೊಲದಲ್ಲಿ ಕಳೆ ಕೀಳುತ್ತಿದ್ದವರ ಸಾಲಿನಲ್ಲಿ, ಅಂದು ತಲೆ ಬಾಚುತ್ತಿದ್ದವಳ ಗುರುತು ಸಿಕ್ಕಿತು. ಹೆಸರು ಮಾಯಮ್ಮ. ಫೋಟೋ ತೆಗೆದವನು ತಾನೇ, ಅದರ ಪ್ರತಿ ಕೊಡಲು ಬಂದೆ ಎಂದಾಗ ಅವಳು ಬದುವಿಗೆ ಬಂದು ನಿಂತಳು. ಬೈಯಲಿಲ್ಲ.

"ಅವ್ರ್ಯಾರು, ನಾವ್ಯಾರು ಅಂತ ನಿಮ್ಗೇನು ಗೊತ್ತು, ಬುಡಿ ಸಾ. ಅವ್ರು ಪಟೇಲ್ರ ಸೊಸೆ, ಪುಟ್ಟತಾಯವ್ವಾರು. ನಾವು ಕೇರಿಯೋರು. ಅವ್ರ ಕೊಟ್ಟಿಗೆ ಸಗಣಿ ಬಾಚ್ಬೋದು, ಒಸ್ಲು ಮೆಟ್ಟಂಗಿಲ್ಲ."

"ಮತ್ತೆ ಅವತ್ತು?"

"ಅವ್ರ ಚೊಚ್ಚಲ ಮೊಗ ತೀರ್ಕಂತು ಸಾ. ಆಮ್ಯಾಕೆ ಅವ್ವಾರು ತಲೇಗೆ ಎಣ್ಣೆ ಸೋಕಿಸ್ನಿಲ್ಲ, ಯಾರ್ನೂ ಅತ್ರ ಸೇರಿಸ್ನಿಲ್ಲ. ಒಂದಿನ ಈ ಮರದ ಬುಡ್ದಲ್ಲಿ ಒಬ್ರೇ ಅಳ್ತಾ ಕುಂತಿದ್ರು. ನಾನೂ ಮಕ್ಳ ಕಳ್ಕಂಡೋಳೇಯ. ಅದೇನನ್ನಿಸ್ತೋ, ತಲೆ ಮುಟ್ಬುಟ್ಟೆ. ಬ್ಯಾಡ ಅನ್ನಿಲ್ಲ. ಆವತ್ತಿಂದ ದಿನಾ ಮದ್ಯಾನ ಬರೋರು."

ಪೇಪರು ಊರಿಗೆ ಬಂದ ದಿನವೇ ಎಲ್ಲ ಮುಗಿದಿತ್ತು. ಪಟೇಲರ ಹಿತ್ತಿಲಲ್ಲಿ ಸೊಸೆಯ ತಲೆಗೆ ಕೊಡಗಟ್ಟಲೆ ನೀರು ಸುರಿದು, ಗಂಜಲ ಕುಡಿಸಿ ಒಳಗೆ ಸೇರಿಸಿಕೊಂಡಿದ್ದರು. ಈಗ ಅವಳು ಕೆರೆಯ ಕಡೆ ಸುಳಿಯುವಂತಿಲ್ಲ. ಮಾಯಮ್ಮನ ಗಂಡ ಬೈರಯ್ಯನನ್ನು ಪಟೇಲರು ಕೆಲಸದಿಂದ ಬಿಡಿಸಿದ್ದರು. ಅವನು ಕೂಲಿ ಹುಡುಕಿಕೊಂಡು ರಾಮನಾಥಪುರದ ಹೊಗೆಸೊಪ್ಪಿನ ಹೊಲಗಳ ಕಡೆ ಹೋಗಿದ್ದ.

ಪಾಲಾಕ್ಷನಿಗೆ ಚೀಲದಿಂದ ಫೋಟೋ ತೆಗೆಯಲು ಕೈ ಬರಲಿಲ್ಲ.

"ತಪ್ಪಾಯ್ತಮ್ಮ," ಎಂದ.

ಅವಳು ಅವನ ಚೀಲದ ಕಡೆ ನೋಡಿದಳು. "ತೋರ್ಸಿ ಸಾ, ನಾನು ನೋಡೇ ಇಲ್ಲ," ಅಂದಳು. "ನಮ್ ಕೇರಿಗೆಲ್ಲಿ ಪೇಪರ್ ಬತ್ತದೆ."

ಮಣ್ಣಿನ ಕೈಯನ್ನು ಸೆರಗಿಗೆ ಚೆನ್ನಾಗಿ ಒರೆಸಿಕೊಂಡು ಫೋಟೋ ಇಸಿದುಕೊಂಡಳು. ತನ್ನ ಚಿತ್ರದ ಕಡೆ ಅವಳ ಕಣ್ಣು ಹೋಗಲೇ ಇಲ್ಲ.

"ನಗ್ತಾವ್ರೆ," ಎಂದಳು ಮೆಲ್ಲಗೆ.

ಪಾಲಾಕ್ಷ ಬಗ್ಗಿ ನೋಡಿದ. ಹೌದು, ಕಣ್ಣು ಮುಚ್ಚಿದ್ದ ಆ ಮುಖದ ತುಟಿಯಂಚಿನಲ್ಲಿ ನಗೆಯಿತ್ತು.

"ನಾನು ಬೆನ್ನಿಂದೆ ಕುಂತಿರ್ತಿದ್ದೆ, ಮೊಕ ಕಾಣ್ತಿರ್ನಿಲ್ಲ. ದಿನಾ ಅಳ್ತಾವ್ರೆ ಅಂತ್ಲೇ ಅನ್ಕಂಡಿದ್ದೆ ಕಣ್ಸಾ."

ಕಳೆ ಕೀಳುವವರ ಸಾಲು ಅವಳನ್ನು ಬಿಟ್ಟು ಬಹಳ ಮುಂದೆ ಹೋಗಿತ್ತು. ಯಾರೋ ಅವಳ ಹೆಸರು ಹಿಡಿದು ಕೂಗಿದರು. ಮಾಯಮ್ಮ ಓಗೊಡಲಿಲ್ಲ. ಬಿಸಿಲು ಬೀಳದಂತೆ ಫೋಟೋಗೆ ಅಂಗೈ ಮರೆಮಾಡಿಕೊಂಡು ಬದುವಿನ ಮೇಲೆ ನಿಂತೇ ಇದ್ದಳು.