ಮೊದಲ ಸಲಕ್ಕೆ ಬೇಡವೆನ್ನುವ ಬೆರಿಟ್

ಬೆರಿಟ್ ಸ್ಕೋಗನ್ ಎಂಬ ಹುಡುಗಿ ತನ್ನ ಹದಿನೇಳು ವರ್ಷದ ಬಾಳಿನಲ್ಲಿ ಯಾರು ಏನು ಕೊಟ್ಟರೂ ಮೊದಲ ಸಲಕ್ಕೆ ತೆಗೆದುಕೊಂಡವಳಲ್ಲ. ಕಾಫಿ ಕೊಡಲೇ ಎಂದರೆ ಬೇಡ; ಕುರ್ಚಿ ಎಳೆದುಕೊಟ್ಟರೆ ನಿಂತೇ ಇರುತ್ತೇನೆ; ಹಿಮ ಸುರಿಯುತ್ತಿರುವಾಗ ಕಾರು ನಿಲ್ಲಿಸಿ ಹತ್ತು ಎಂದರೆ ನನಗೆ ನಡೆಯುವುದೇ ಹಿತ. ಎರಡನೆಯ ಸಲ ಕೇಳಿದರೂ ಅದೇ ಉತ್ತರ, ದನಿ ಮಾತ್ರ ತುಸು ಮೆತ್ತಗೆ. ಮೂರನೆಯ ಸಲ ಕೇಳಿದಾಗಷ್ಟೇ, ಹಿರಿಯರ ಒತ್ತಾಯಕ್ಕೆ ಸೋತುಹೋದವಳ ಮುಖ ಮಾಡಿಕೊಂಡು, "ನಿಮಗೆ ತೊಂದರೆ ಇಲ್ಲ ಅಂದ್ರೆ ಅರ್ಧ ಕಪ್ಪು ಸಾಕು" ಎನ್ನುತ್ತಿದ್ದಳು. ಆಮೇಲೆ ಕುಡಿಯುತ್ತಿದ್ದದ್ದು ತುಂಬಿದ ಕಪ್ಪನ್ನೇ.

ಅಮೆರಿಕದ ಮಿನೆಸೋಟಾ ರಾಜ್ಯದ ವಾಯವ್ಯ ಮೂಲೆಯ ನಮ್ಮ ಊರಿನಲ್ಲಿ, ನಾರ್ವೆಯಿಂದ ಬಂದು ನೆಲೆಸಿದ ಮುತ್ತಜ್ಜಂದಿರ ಕಾಲದಿಂದಲೂ ಇದೇ ಶಿಷ್ಟಾಚಾರ. ನಾನು ಶಿಕಾಗೋದಿಂದ ಈ ಊರಿಗೆ ಸೊಸೆಯಾಗಿ ಬಂದವಳು; ಬಂದ ದಿನವೇ ಅತ್ತೆ ಕಾಫಿ ಬೇಕೇ ಎಂದು ಕೇಳಿದಾಗ, ಪ್ರಯಾಣದ ದಣಿವಿನಲ್ಲಿ, ಸಲೀಸಾಗಿ "ಬೇಕು" ಎಂದುಬಿಟ್ಟೆ. ಆ ಒಂದು ಮಾತು ಎಷ್ಟೋ ವರ್ಷ ಊರಿನವರ ಬಾಯಲ್ಲಿ ಓಡಾಡಿತು. ಲುಂಡೆಯವರ ಸೊಸೆ ನಾಲಿಗೆ ಬಿಗಿಹಿಡಿಯುವವಳಲ್ಲ ಎಂದು ಚರ್ಚಿನಲ್ಲಿ ಯಾರೋ ಅಂದದ್ದು ನನ್ನ ಕಿವಿಗೂ ಬಿತ್ತು. ಈಗ ನಾನೂ ಪಳಗಿದ್ದೇನೆ, ಎರಡು ಸಲ ಬೇಡವೆನ್ನುವಾಗ ನನ್ನ ಮುಖದಲ್ಲಿ ಹಸಿವು ಕಾಣಿಸುವುದಿಲ್ಲ. ಆದರೆ ಈ ವಿದ್ಯೆಯಲ್ಲಿ, ಊರಿನ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದ ಬೆರಿಟ್‌ಳನ್ನು ಮೀರಿಸಿದವರನ್ನು ನಾನು ಕಂಡಿಲ್ಲ.

ಅವಳನ್ನು ದೂರದಿಂದಲೇ ಗುರುತಿಸಬಹುದಿತ್ತು, ಕಾರಣ ಅವಳ ಕೋಟು. ಬೇಟೆಗಾರರು ಒಬ್ಬರ ಗುಂಡಿಗೆ ಒಬ್ಬರು ಬಲಿಯಾಗದಿರಲೆಂದು ತೊಡುವ, ಕಣ್ಣಿಗೆ ಹೊಡೆಯುವ ಕಿತ್ತಳೆ ಬಣ್ಣದ ಕೋಟು ಅದು; ಒಳಗೆ ಇನ್ನೊಬ್ಬ ಬೆರಿಟ್ ಹಿಡಿಸುವಷ್ಟು ದೊಡ್ಡದು, ತೋಳುಗಳನ್ನು ಮೂರು ಮಡಿಕೆ ಮಡಚಿದರೂ ಬೆರಳ ತುದಿ ಮಾತ್ರ ಹೊರಗೆ. ಯಾರ ಕಣ್ಣಿಗೂ ಬೀಳಬಾರದೆಂದು ಬದುಕುವ ಹುಡುಗಿಗೆ ಇದೆಲ್ಲಿಯ ಕೋಟು ಎಂದು ಒಮ್ಮೆ ಕೇಳಿದೆ. "ಚಿಕ್ಕಪ್ಪ ತಗೋ ತಗೋ ಅಂತ ಮೂರು ಸಲ ಹೇಳಿದ್ರು, ಮೇಡಂ" ಎಂದಳು. ಅದಕ್ಕಿಂತ ಹೆಚ್ಚಿನ ವಿವರಣೆ ಅವಳಿಗೆ ಬೇಕೆನಿಸಿರಲಿಲ್ಲ. ನಡೆಯುವಾಗ ಸದಾ ದಾರಿಯ ಅಂಚು, ಒಂದು ಕಾಲು ಕಾಂಕ್ರೀಟಿನ ಮೇಲೆ, ಒಂದು ಕಾಲು ಹಿಮದ ರಾಶಿಯಲ್ಲಿ. ಎದುರಿನಿಂದ ಬರಬಹುದಾದ ಯಾರಿಗೋ ಜಾಗ ಬಿಡುತ್ತಿದ್ದಳು. ಎದುರಿಗೆ ಯಾರೂ ಇರುತ್ತಿರಲಿಲ್ಲ.

ಚರ್ಚಿನ ನೆಲಮಾಳಿಗೆಯಲ್ಲಿ ಊಟವಿದ್ದಾಗ ಅವಳ ಅಜ್ಜಿ ಆಲ್ಮಾ, ಟ್ರೇಯಲ್ಲಿ ಬೇಯಿಸಿ ಬರ್ಫಿಯ ಹಾಗೆ ಚೌಕವಾಗಿ ಕತ್ತರಿಸುವ ನಿಂಬೆಹಣ್ಣಿನ ಸಿಹಿ ಮಾಡಿ ತರುತ್ತಿದ್ದರು. ಅದು ಖಾಲಿಯಾಗುವ ಕ್ರಮವೇ ವಿಚಿತ್ರ. ಕೊನೆಯ ತುಂಡನ್ನು ಯಾರೂ ಮುಟ್ಟುವಂತಿಲ್ಲ. ಒಬ್ಬರು ಬಂದು ಅದನ್ನು ಅರ್ಧ ಮಾಡಿ ಒಂದು ಪಾಲು ತೆಗೆದುಕೊಳ್ಳುತ್ತಾರೆ, ಮತ್ತೊಬ್ಬರು ಉಳಿದದ್ದರಲ್ಲಿ ಅರ್ಧ. ಕಡೆಗೆ ಬೆರಿಟ್ ಬಂದು, ಉಗುರಿನಷ್ಟು ಉಳಿದದ್ದನ್ನೂ ಚಾಕುವಿನಿಂದ ಎರಡು ಮಾಡಿ, ಒಂದನ್ನು ಬಾಯಿಗೆ ಹಾಕಿಕೊಂಡು ಇನ್ನೊಂದನ್ನು ಮುಂದಿನವರಿಗೆಂದು ಬಿಟ್ಟು ಹೋಗುತ್ತಿದ್ದಳು. ಮರುದಿನ ಅದು ಹಕ್ಕಿಗಳ ಪಾಲಾಗುತ್ತಿತ್ತು.

ಮಾತು ಕಡಿಮೆ. ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಇಳಿದ ಮುಂಜಾನೆಗೂ, ಗಣಿತದ ಸ್ಪರ್ಧೆಯಲ್ಲಿ ಇಡೀ ಜಿಲ್ಲೆಗೆ ಮೊದಲಿಗಳಾದ ಸುದ್ದಿಗೂ ಅವಳದು ಒಂದೇ ಮಾತು: "ಅಂಥಾ ಕೆಟ್ಟದ್ದೇನಿಲ್ಲ." ತರಗತಿಯಲ್ಲಿ ನಾನು ಏನು ಹೇಳಿದರೂ ತಲೆಯಾಡಿಸುತ್ತಿದ್ದಳು. ಆದರೆ ನಾನು ತಿದ್ದಿ ಕೊಟ್ಟ ಅವಳ ಬರಹಗಳು ಮರಳಿ ನನ್ನ ಕೈಗೆ ಬಂದಾಗ, ನನ್ನ ಕೆಂಪು ಶಾಯಿಯ ಪ್ರತಿಯೊಂದು ಆಕ್ಷೇಪಣೆಯ ಕೆಳಗೂ ಇರುವೆಸಾಲಿನಂಥ ಪೆನ್ಸಿಲ್ ಅಕ್ಷರಗಳು: "ಹಾಗೂ ಇರಬಹುದು. ಆದರೆ..." ಆ 'ಆದರೆ'ಯ ನಂತರ ಬರುತ್ತಿದ್ದ ವಾದವಿದೆಯಲ್ಲ, ಅದರ ಮುಂದೆ ಎಷ್ಟೋ ಸಲ ನಾನು ಬಾಯಿ ಮುಚ್ಚಿಕೊಳ್ಳಬೇಕಾಯಿತು. ಊಟದ ಮೇಜಿನಲ್ಲಿ ವಾದ ಮಾಡುವುದನ್ನು ಉಗುಳುವುದಕ್ಕೆ ಸಮವೆಂದು ಎಣಿಸುವ ಊರಿನಲ್ಲಿ, ಈ ಹುಡುಗಿಯ ಹೊಟ್ಟೆಯ ತುಂಬ ವಾದಗಳಿದ್ದವು.

ಅದಕ್ಕೇ ನಾನು ರಾಜ್ಯದ ವಿಶ್ವವಿದ್ಯಾಲಯದ ಆನರ್ಸ್ ವಿಭಾಗದ ಮೇಲೆ ಆಸೆ ಇಟ್ಟುಕೊಂಡಿದ್ದೆ. ಅಲ್ಲಿ ಹನ್ನೆರಡು ವಿದ್ಯಾರ್ಥಿಗಳು ಒಬ್ಬ ಪ್ರಾಧ್ಯಾಪಕರ ಜೊತೆ ಒಂದೇ ಮೇಜಿನ ಸುತ್ತ ಕೂತು ಬಾಯಿತುಂಬ ವಾದ ಮಾಡಬಹುದು. ಮಾಡದಿದ್ದರೆ ಅಂಕವೇ ಇಲ್ಲ. ಬೆರಿಟ್ ಒಂದು ಮಧ್ಯಾಹ್ನ ಗ್ರಂಥಾಲಯದಲ್ಲಿ ಆ ವಿಭಾಗದ ಪುಟವನ್ನು ತೆರೆದು, ಮೇಜಿನ ಸುತ್ತ ಕೂತವರ ಚಿತ್ರವನ್ನು, ಹಸಿದವರು ಹೋಟೆಲಿನ ಗಾಜಿನಾಚೆ ನೋಡುವ ಹಾಗೆ ನೋಡುತ್ತಿದ್ದುದನ್ನು ನಾನು ಕಣ್ಣಾರೆ ಕಂಡಿದ್ದೆ. ವಿಶ್ವವಿದ್ಯಾಲಯದಲ್ಲಿ ಅವಳಿಗೆ ಪ್ರವೇಶ ಸಿಕ್ಕಿತು. ಕೆಲವೇ ದಿನಗಳಲ್ಲಿ ಆನರ್ಸ್‌ನವರೂ ಬರೆದರು: ನಿಮ್ಮ ಅಂಕಗಳು ನಮಗೆ ಮೆಚ್ಚುಗೆಯಾಗಿವೆ, ದಯವಿಟ್ಟು ಎರಡು ಪ್ರಬಂಧ ಬರೆದು ಅರ್ಜಿ ಹಾಕಿ.

"ಪ್ರಬಂಧ ಎಲ್ಲೀವರೆಗೆ ಬಂತು?" ಎಂದು ನಾನು ಕೇಳಿದ್ದು ಗಡುವಿನ ವಾರದಲ್ಲಿ.

"ನಾನು ಬೇಡ ಅಂದೆ, ಮೇಡಂ."

"ಏನಂದೆ?"

"ನನಗಿಂತ ಯೋಗ್ಯರು ಬೇಕಾದಷ್ಟು ಜನ ಇರ್ತಾರೆ, ನನಗೋಸ್ಕರ ತೊಂದರೆ ತಗೋಬೇಡಿ ಅಂತ ಬರೆದೆ." ನನ್ನ ಮುಖ ನೋಡಿ, ಸಮಾಧಾನ ಹೇಳುವವಳಂತೆ, "ಅವರು ಇನ್ನೂ ಒಂದೇ ಸಲ ಕೇಳಿದ್ದಾರೆ" ಎಂದಳು.

ನನಗೆ ಮೈ ಪರಚಿಕೊಳ್ಳುವಂತಾಯಿತು. ಆಮೇಲೇನಾಯಿತು ಎಂದೆ. ಅವಳು ಮೊಬೈಲು ತೆರೆದು ತೋರಿಸಿದಳು: ನಿಮ್ಮ ನಿರ್ಧಾರವನ್ನು ಗೌರವಿಸುತ್ತೇವೆ, ನಿಮ್ಮ ಹೆಸರನ್ನು ಪಟ್ಟಿಯಿಂದ ತೆಗೆದಿದ್ದೇವೆ, ಶುಭವಾಗಲಿ.

"ಇನ್ನೊಂದು ಸಲ ಕೇಳಬಹುದಿತ್ತು" ಎಂದಳು ಬೆರಿಟ್, ಆ ದೊಡ್ಡ ಕೋಟಿನೊಳಗಿನಿಂದ. "ಬಾಯಿಮಾತಿಗೆ ಕರೆದಿದ್ದು ಅನ್ಸುತ್ತೆ. ಅವರಿಗೆ ನಾನು ನಿಜವಾಗ್ಲೂ ಬೇಕಿರಲಿಲ್ಲ."

ಅವಳ ಕಣ್ಣು ತುಂಬಿತ್ತು. ಈಗಲೇ ಫೋನ್ ಮಾಡು, ಹೋಗು ಎಂದು ನಾನು ಗದರಿಸಿದೆ. ಕರೆಯದ ಮನೆಗೆ ಹೋಗಿ ಊಟಕ್ಕೆ ಕೂರುವುದು ಹೇಗೆ ಎಂಬ ಒಂದೇ ಪ್ರಶ್ನೆಯನ್ನು ಅವಳು ಕಚ್ಚಿಕೊಂಡು ಕೂತಳು. ಅವಳ ತಂದೆತಾಯಿ ಇಬ್ಬರಿಗೂ ಬೀಟ್ ಗೆಡ್ಡೆಯಿಂದ ಸಕ್ಕರೆ ತೆಗೆಯುವ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಶಾಲೆ ಬಿಟ್ಟ ಮೇಲೆ ಹುಡುಗಿ ಇರುತ್ತಿದ್ದದ್ದು ಅಜ್ಜಿಯ ಮನೆಯಲ್ಲಿ. ಅವಳನ್ನು ಕಾರಿಗೆ ತುಂಬಿಕೊಂಡು ಅಲ್ಲಿಗೇ ಹೋದೆ. ಎಂದಿನಂತೆ ಮೂರು ಸಲ ಕಾರು ಹತ್ತು ಎನ್ನುವ ತಾಳ್ಮೆ ಆ ದಿನ ನನಗಿರಲಿಲ್ಲ.

ಆಲ್ಮಾ ಅಜ್ಜಿ ಕಾಫಿ ಬೇಕೇ ಎಂದು ಕೇಳಿದರು. ಅಷ್ಟು ಅವಸರದಲ್ಲೂ ನಾನು ಎರಡು ಸಲ ಬೇಡವೆಂದು ಮೂರನೆಯದಕ್ಕೆ ಒಪ್ಪಿಕೊಂಡೆ. ಆ ಮನೆಯಲ್ಲಿ ಬೇರೆ ದಾರಿಯಿಲ್ಲ. ಆಮೇಲೆ ನಡೆದದ್ದನ್ನು ಹೇಳಿದೆ. ಅಜ್ಜಿ ಕೆಟಲನ್ನು ಒಲೆಯ ಮೇಲಿಟ್ಟು, ಕೈ ಒರೆಸಿಕೊಂಡು, ಮೊಮ್ಮಗಳ ಎದುರಿಗೆ ಕೂತರು.

"ಅಲ್ಲಿಗೆ ಹೋಗೋಕೆ ನಿನಗೆ ಆಸೆ ಇದೆಯೇನೇ?"

"ಬೇಡ ಅಜ್ಜಿ, ಇರಲಿ ಬಿಡು. ನಡೆಯುತ್ತೆ."

"ಯೂನಿವರ್ಸಿಟಿಯವರು ಕೇಳಿದ್ದು ಒಂದು, ಸ್ಕೂಲಲ್ಲಿ ಮಿಸೆಸ್ ಲುಂಡೆ ಕೇಳಿದ್ದು ಎರಡು. ಇದು ಮೂರನೇದು." ಅಜ್ಜಿಯ ದನಿ ಏರಲಿಲ್ಲ. "ಎರಡು ಸಲ ಬೇಡ ಅನ್ನೋದು ಮರ್ಯಾದೆ ಕಣೇ. ಮೂರನೇ ಸಲಾನೂ ಬೇಡ ಅಂದ್ರೆ ಅದು ಮರ್ಯಾದೆ ಅಲ್ಲ, ಸೊಕ್ಕು. ನಮ್ಮನೇಲಿ ಸೊಕ್ಕಿನವರು ಯಾರೂ ಇಲ್ಲ. ಈಗ ಹೇಳು, ಹೋಗ್ತೀಯಾ?"

ಬೆರಿಟ್ ಮೇಜುಬಟ್ಟೆಯ ಅಂಚನ್ನು ತೀಡಿ ನೇರ ಮಾಡಿದಳು. ಆಮೇಲೆ "ಹ್ಞೂಂ" ಎಂದಳು.

ಆಫೀಸು ಮುಚ್ಚುವ ಮುನ್ನವೇ, ಅಜ್ಜಿಯ ಅಡುಗೆಮನೆಯಲ್ಲಿ ನಿಂತು ಫೋನ್ ಮಾಡಿದಳು. ಮೊಬೈಲನ್ನು ನಮಗೂ ಕೇಳುವ ಹಾಗೆ ಇಟ್ಟಿದ್ದಳು. ಆಚೆಯ ಹೆಂಗಸಿನದು ದಕ್ಷಿಣದ ರಾಜ್ಯಗಳ ರಾಗದ ಮಾತು, ಒಳ್ಳೆಯ ಮನಸ್ಸಿನವಳು, ಆದರೆ ನಮ್ಮ ಕಡೆಯ ಸುತ್ತುಮಾತು ಅವಳಿಗೆ ಒಂದಿಷ್ಟೂ ತಿಳಿಯಲಿಲ್ಲ. ನಿಮಗೆ ಬಿಡುವಿದ್ದರೆ, ಜಾಗ ಉಳಿದಿದ್ದರೆ, ಬೇರೆಯವರಿಗೆ ಅಡ್ಡಿಯಾಗದಿದ್ದರೆ ಎಂದು ಬೆರಿಟ್ ಊರೆಲ್ಲ ಸುತ್ತಿದಳು. "ಕ್ಷಮಿಸಮ್ಮ, ನನಗೆ ಅರ್ಥ ಆಗ್ತಿಲ್ಲ. ನಿನಗೆ ಅರ್ಜಿ ಹಾಕಬೇಕಾ, ಬೇಡವಾ?" ಎಂದಳು ಆಕೆ.

ಬೆರಿಟ್ ಅಜ್ಜಿಯನ್ನು ನೋಡಿದಳು. ಅಜ್ಜಿ ಕಿಟಕಿಯ ಕಡೆ ತಿರುಗಿಕೊಂಡರು.

"ಬೇಕು" ಎಂದಳು ಬೆರಿಟ್. "ನನಗೆ ಆ ಮೇಜಿನಲ್ಲಿ ಜಾಗ ಬೇಕು."

ಆ ಮಾತು ಆಡಿದ ಮೇಲೆ ಅವಳ ಕಿವಿಗಳು ಕೋಟಿನ ಬಣ್ಣಕ್ಕೆ ತಿರುಗಿದ್ದವು. ಶುಕ್ರವಾರದೊಳಗೆ ಪ್ರಬಂಧ ಕಳಿಸು, ಹೆಸರನ್ನು ಮತ್ತೆ ಸೇರಿಸಿದ್ದೇನೆ ಎಂದಿತು ಆಚೆಯ ದನಿ.

ಇನ್ನು ಪ್ರಬಂಧ. ನೀವು ಹೆಮ್ಮೆಪಡುವ ಒಂದು ಸಾಧನೆಯ ಬಗ್ಗೆ ಬರೆಯಿರಿ ಎಂಬುದು ಮೊದಲನೆಯದು. ಮರುದಿನ ಅವಳು ತಂದುಕೊಟ್ಟದ್ದನ್ನು ಓದುತ್ತ ಹೋದೆ, ಓದುತ್ತ ಹೋದೆ, ಅದರಲ್ಲಿ ಇದ್ದದ್ದೆಲ್ಲ ಐನಾರ್ ಬ್ರೆಕ್ಕೆ ಎಂಬ ಸಹಪಾಠಿ. ವಿಜ್ಞಾನ ಮೇಳಕ್ಕೆ ಇಬ್ಬರೂ ಸೇರಿ ಮಾಡಿದ ಯಂತ್ರದ ಶ್ರೇಯಸ್ಸನ್ನೆಲ್ಲ ಅವನ ತಲೆಗೆ ಕಟ್ಟಿದ್ದಳು.

"ಇದನ್ನ ಓದಿದರೆ ಅವರು ಸೀಟನ್ನ ಐನಾರ್‌ಗೆ ಕೊಡ್ತಾರೆ."

"ಅವನು ಒಳ್ಳೇ ಹುಡುಗ, ಮೇಡಂ. ಅಂಥಾ ಕೆಟ್ಟ ಆಯ್ಕೆ ಏನಲ್ಲ."

ನಾನು ಹಣೆ ಚಚ್ಚಿಕೊಂಡೆ. ಕಪಾಟಿನಿಂದ ಅವಳ ಹಳೆಯ ಬರಹಗಳ ಕಟ್ಟನ್ನು ತೆಗೆದು ಮುಂದಿಟ್ಟು, ಆ ಪೆನ್ಸಿಲ್ ಸಾಲುಗಳನ್ನು ತೋರಿಸಿದೆ. ನನ್ನ ಜೊತೆ ಇಷ್ಟು ದಿನ ಜಗಳ ಆಡಿದವಳು ಯಾರು, ಐನಾರ್‌ನಾ ಎಂದು ಕೇಳಿದೆ.

"ಅದು ಪೆನ್ಸಿಲ್‌ನಲ್ಲಿ ಬರೆದಿದ್ದು" ಎಂದಳು. "ನಿಮಗೆ ಬೇಜಾರಾದ್ರೆ ಅಳಿಸಬಹುದಿತ್ತು."

"ನಾನು ಒಂದನ್ನಾದ್ರೂ ಅಳಿಸಿದೀನಾ, ನೋಡು."

ಅವಳು ಒಂದೊಂದೇ ಹಾಳೆ ತಿರುವಿ ನೋಡಿದಳು. ನಾನು ಬೇರೆ ತರಗತಿಗೆ ಹೋಗಿ ಬಂದಾಗಲೂ ನೋಡುತ್ತಲೇ ಇದ್ದಳು.

ಗುರುವಾರ ಅವಳು ತಂದ ಪ್ರಬಂಧಗಳಲ್ಲಿ ಮೊದಲನೆಯದು ಆ ಫೋನ್ ಕರೆಯ ಕುರಿತದ್ದು: ಬೇಕು ಎಂದದ್ದೇ ತನ್ನ ಸಾಧನೆ ಎಂದು, ಸಂಕೋಚದಿಂದ, ಆದರೆ ತಾನೇ ಮಾಡಿದ್ದೆಂದು ಒಪ್ಪಿಕೊಂಡು ಬರೆದಿದ್ದಳು. ಎರಡನೆಯದರ ಪ್ರಶ್ನೆ, ನಿಮ್ಮವರ ಯಾವ ನಂಬಿಕೆಯನ್ನು ನೀವು ಒಪ್ಪುವುದಿಲ್ಲ ಎಂಬುದು. ಅದಕ್ಕೆ ಅವಳು ನಿಂಬೆಯ ಸಿಹಿಯ ಕೊನೆಯ ತುಂಡಿನ ಬಗ್ಗೆ ಬರೆದಿದ್ದಳು. ನಮ್ಮ ಜನ ಕೊನೆಯ ತುಂಡನ್ನು ಬಿಡುವುದು ಪ್ರೀತಿಯಿಂದ ಎಂದು ಆರಂಭಿಸಿ, ಹಾಗೂ ಇರಬಹುದು, ಆದರೆ, ಎಂದು ಹೊರಳಿ, ಎಲ್ಲರೂ ಎಲ್ಲರಿಗಾಗಿ ಬಿಟ್ಟದ್ದು ಯಾರ ಬಾಯಿಗೂ ಹೋಗದೆ ಒಣಗುವುದನ್ನು ತಾನು ಪ್ರತಿ ಭಾನುವಾರ ಕಂಡಿದ್ದೇನೆ, ಅಷ್ಟು ಮುತುವರ್ಜಿಯಿಂದ ಅದನ್ನು ಮಾಡಿದ ಅಜ್ಜಿಗೆ ಇದು ಯಾವ ಬಗೆಯ ಗೌರವ ಎಂದು ಕೇಳಿದ್ದಳು. ನಮ್ಮ ವಿನಯದಲ್ಲಿ ಒಂದು ಪಾಲು ಭಯವೂ ಇದೆ ಎಂದು ಬರೆದಿದ್ದಳು. ನಾನು ಕೆಂಪು ಪೆನ್ನನ್ನು ಎತ್ತಿ ಮತ್ತೆ ಕೆಳಗಿಟ್ಟೆ. ನನಗೆ ಅಳು ಬಂತು, ಅದನ್ನು ಇಲ್ಲಿ ಮುಚ್ಚಿಡುವುದೇನಿದೆ.

ಚಳಿಗಾಲ ಕಳೆಯುತ್ತ ಬಂದರೂ ಅವಳು ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಬುಧವಾರ ಸಂಜೆ ಚರ್ಚಿನಲ್ಲಿ ಸೂಪಿನ ಊಟವಿರುತ್ತದೆ. ಅಂಥ ಒಂದು ಸಂಜೆ, ಎಲ್ಲರೂ ತಿಂದು ಮುಗಿಸಿ, ನಿಂಬೆಯ ಸಿಹಿಯ ಟ್ರೇಯಲ್ಲಿ ಒಂದೇ ಒಂದು ತುಂಡು ಉಳಿದು, ಅದರ ಸುತ್ತ ಜನ ಎತ್ತಲೋ ನೋಡುತ್ತ ನಿಂತಿದ್ದಾಗ ಕಿತ್ತಳೆ ಕೋಟು ಮೇಜಿನ ಬಳಿಗೆ ಬಂತು. ಬೆರಿಟ್ ಚಾಕುವನ್ನು ಮುಟ್ಟಲಿಲ್ಲ. ಆ ತುಂಡನ್ನು ಇಡಿಯಾಗಿ ಎತ್ತಿಕೊಂಡು, ಎಲ್ಲರೂ ನೋಡುತ್ತಿದ್ದಂತೆ, ನಿಧಾನವಾಗಿ ಅಗಿದು ತಿಂದಳು. ನಾನು ಆಲ್ಮಾ ಅಜ್ಜಿಯ ಕಡೆ ನೋಡಿದೆ.

"ಸೀಟು ಸಿಕ್ಕಿತಂತೆ" ಎಂದರು ಅವರು, ತಮ್ಮ ಸೂಪಿನ ಬಟ್ಟಲಿಗೆ ಹೇಳುವವರಂತೆ.

ಬೆರಿಟ್ ಬೆರಳಿನ ಸಕ್ಕರೆ ಪುಡಿಯನ್ನು ಒರೆಸಿಕೊಂಡು, ಖಾಲಿ ಟ್ರೇಯನ್ನು ತೆಗೆದುಕೊಂಡು ಹೋಗಿ ತೊಳೆದು, ಒರೆಸಿ, ಜಾಗಕ್ಕಿಟ್ಟಳು. ಮನೆಗೆ ಹೊರಟಾಗ ಬಾ ಕಾರಿನಲ್ಲಿ ಬಿಡುತ್ತೇನೆ ಎಂದೆ. ಬೇಡ ಮೇಡಂ, ನಡೀತೀನಿ ಎಂದಳು. ಹೆಜ್ಜೆ ಮಾತ್ರ ದಾರಿಯ ನಡುವೆ ಬಿದ್ದಿತ್ತು.

ಇಂಥವರು ನಮ್ಮೂರಿನಲ್ಲಷ್ಟೇ ಇರುತ್ತಾರೆಂದು ನಾನು ತಿಳಿದಿಲ್ಲ. ಕೊಟ್ಟದ್ದನ್ನು ಮೊದಲು ಮುಂದಿನವರಿಗೆ ಸರಿಸಿ, ತಮ್ಮ ಸರದಿಗೆ ಕಾಯುತ್ತ ನಿಲ್ಲುವ ಈ ಜನ ಸಪ್ಪೆಯವರೂ ಅಲ್ಲ, ಆಸೆಯಿಲ್ಲದವರೂ ಅಲ್ಲ. ಅವರ ಆಸೆ ದೊಡ್ಡದು, ಅದಕ್ಕೇ ಅದನ್ನು ಬಾಯಿಬಿಟ್ಟು ಹೇಳಲು ಅಷ್ಟು ಅಂಜುತ್ತಾರೆ. ಲೋಕಕ್ಕೆ ಪುರುಸೊತ್ತಿಲ್ಲ, ಅದು ಒಂದೇ ಸಲ ಕೇಳಿ ಮುಂದಿನ ಮನೆಗೆ ಹೋಗಿಬಿಡುತ್ತದೆ. ಉಳಿದ ಎರಡು ಸಲ ಕೇಳುವುದಕ್ಕೆ ಅವರ ಹತ್ತಿರದಲ್ಲಿ ಯಾರಾದರೂ ಒಬ್ಬರು ಇರಬೇಕು.