ಮೂರು ಮಿಂಚುಗಳಲ್ಲಿ ನಮ್ಮಪ್ಪ ಯಾರು?

ನನಗೆ ಮೂಗಿನ ತುದೀಲೇ ಕೋಪ, ಒಪ್ಪಿಕೊಳ್ಳುತ್ತೇನೆ. ಆದರೆ ಆ ಭಾನುವಾರ ಮಧ್ಯಾಹ್ನ ನಮ್ಮ ದೊಕ್ತೋರೆಸ್ ಬಡಾವಣೆಯ ಹಳೇ ಟಾಕೀಸಿನಲ್ಲಿ ನನ್ನ ಜಾಗದಲ್ಲಿ ಯಾರೇ ಕೂತಿದ್ದರೂ ತಲೆ ಕೆಡುತ್ತಿತ್ತು. 'ತಾಮ್ರದ ಮಿಂಚು' ಸಿನಿಮಾ ಒಂದಲ್ಲ, ಮೂರು, ಸಾಲಾಗಿ. ಅದೇ ತಾಮ್ರಬಣ್ಣದ ಮುಖವಾಡ, ಅದೇ ಕುಸ್ತಿ, ಅದೇ ದೆವ್ವ ರಾಕ್ಷಸರ ಕಾಟ. ಒಳಗಿರೋ ಗಂಡಸು ಮಾತ್ರ ಮೂರಕ್ಕೂ ಬೇರೆ. ಅವರಲ್ಲೊಬ್ಬ ನಮ್ಮಪ್ಪ. ಯಾರು ಅಂತ ಗೊತ್ತಿಲ್ಲ.

ನನಗೆ ಎರಡು ವರ್ಷವಾಗಿದ್ದಾಗ ಅಪ್ಪ ಇಲಾರಿಯೊ ತೀರಿಕೊಂಡ. ಆರು ತುಂಬಿದ ಮೇಲೆ ಅಮ್ಮ ಎರ್ಮಿನಿಯಾ ಒಂದು ದಿನ, "ನಿಮ್ಮಪ್ಪ ತಾಮ್ರದ ಮಿಂಚು ಕಣೇ ತೊಮಾಸಾ, ಯಾರಿಗೂ ಹೇಳಬೇಡ" ಅಂತ ಕಿವಿಯಲ್ಲಿ ಊದಿದಳು. ನಮ್ಮಲ್ಲಿ ಮುಖವಾಡದ ಪೈಲ್ವಾನನ ಗುಟ್ಟು ಹೊರಗೆ ಬಿಡೋ ಹಾಗಿಲ್ಲ. ಹೆಂಡತಿ ಹೇಳಬಾರದು, ನೆರೆಹೊರೆಯವರು ಕೇಳಬಾರದು. ಹೂಳುವಾಗಲೂ ಮುಖವಾಡ ತೆಗೆಯೋದಿಲ್ಲ. ಮುಖದ ಫೋಟೋನೂ ಮನೇಲಿರಬಾರದು ಅಂತ ಇದ್ದಬದ್ದದ್ದನ್ನೆಲ್ಲ ಅಮ್ಮನೇ ಸುಟ್ಟಳಂತೆ. ಐವತ್ತು ವರ್ಷ ನಾನೂ ಬಾಯಿಗೆ ಬೀಗ ಹಾಕಿಕೊಂಡು, ಕುಸ್ತಿ ಅರೇನಾದ ಎದುರು ಮುಖವಾಡ ಮಾರಿಕೊಂಡು, ಒಳಗೊಳಗೇ ಬೀಗಿದ್ದೇ ಬೀಗಿದ್ದು.

ಹೋದ ತಿಂಗಳು ಎಲ್ಲ ಕೆಟ್ಟುಹೋಯಿತು. ನನಗೆ ಮುಖವಾಡ ಹೊಲಿದುಕೊಡೋ ಮುದುಕ ದೋನ್ ಕ್ರಿಸಾಂತೊ ಮಾತಿನ ಭರದಲ್ಲಿ, "ಆ ಮೂರು ಸಿನಿಮಾಗೂ ನಾನೇ ಹೊಲಿದದ್ದು, ಮೂರು ತಲೆಗೆ ಮೂರು ಅಳತೆ" ಅಂದುಬಿಟ್ಟ. ಮೂರು ತಲೆ! ಚಿಕ್ಕಂದಿನಲ್ಲಿ ಆ ಸಿನಿಮಾಗಳನ್ನ ನೋಡಿದಾಗ ಒಳಗಿರೋನು ಒಬ್ಬನೇ ಅಂದುಕೊಂಡಿದ್ದೆನಲ್ಲ! ಅಮ್ಮನಿಗೆ ಈಗ ಎಂಬತ್ತನಾಲ್ಕು. ಬೆಳಿಗ್ಗೆ ತಿಂದದ್ದು ಮಧ್ಯಾಹ್ನಕ್ಕೆ ನೆನಪಿರಲ್ಲ. ಈಗ ಅವಳ ಬಾಯಿಂದ ಬರದಿದ್ದರೆ ಅಪ್ಪ ಹೇಗಿದ್ದ ಅಂತ ತಿಳಿಯದೇ ನಾನು ಸಾಯಬೇಕು. ಅದಕ್ಕೇ ಕೈಹಿಡಿದು ಟಾಕೀಸಿಗೆ ಕರೆತಂದೆ. ದೋನ್ ಕ್ರಿಸಾಂತೊನನ್ನೂ ಬಿಡಲಿಲ್ಲ.

ಮೊದಲನೇ ಮಿಂಚು ಗಿಡ್ಡ, ಕುತ್ತಿಗೆಯೇ ಇಲ್ಲ. ಹೊಡೆಯೋ ಮುಂಚೆ ಶಿಲುಬೆ ಗುರುತು ಮಾಡಿಕೊಳ್ಳುತ್ತಾನೆ. ಎರಡನೆಯವನು ಉದ್ದ, ಹೆಂಗಸರ ಕಡೆ ನೋಡಿಕೊಂಡೇ ಕುಸ್ತಿ. ಮೂರನೆಯವನ ಹೊಟ್ಟೆ ಸೊಂಟದ ಪಟ್ಟಿ ಮೇಲೆ ಜೋತುಬಿದ್ದಿತ್ತು. ದನಿಯಿಂದಾದರೂ ಹಿಡಿಯೋಣ ಅಂದರೆ ಮೂವರಿಗೂ ರೇಡಿಯೋದವನೊಬ್ಬನ ಕಂಠವನ್ನೇ ಜೋಡಿಸಿದ್ದಾರೆ, ಹಾಳಾದವರು!

"ಪಟ್ಟು ಗೊತ್ತಿರೋನು ಮೊದಲನೆಯವನೇ," ಅಂದ ದೋನ್ ಕ್ರಿಸಾಂತೊ, ಖಾರದ ಕಡಲೆಕಾಯಿ ಬಾಯಿಗೆ ಎಸೆದುಕೊಳ್ಳುತ್ತಾ. "ಎರಡನೆಯವನು ಬರೀ ಷೋಕಿಲಾಲ."

"ಅವನೇ ನಮ್ಮಪ್ಪ ಆಗಿದ್ರೆ? ನಾಲಿಗೆ ಬಿಗಿಹಿಡಿದು ಮಾತಾಡಿ. ಹೊಲಿದವರು ನೀವು, ಯಾರು ಅಂತ ಹೇಳೋಕೇನು ಧಾಡಿ?"

"ಮುಖವಾಡ ಹೊಲಿಯೋನು ತಲೆ ಅಳೀತಾನೆ ತಾಯಿ, ಹೆಸರು ಕೇಳಲ್ಲ."

ಹೀಗೆ ಅಂದು ಕಡಲೆಕಾಯಿ ಪೊಟ್ಟಣದೊಳಗೆ ಮುಖ ಹುದುಗಿಸಿದ. ಮೈಯೆಲ್ಲ ಉರಿಯಿತು ನನಗೆ.

ಮೊದಲನೇ ಸಿನಿಮಾದ ಗೋದಾಮಿನ ಹೊಡೆದಾಟದಲ್ಲಿ ಅಮ್ಮ ತಟ್ಟನೆ ಎದ್ದು ಕೂತು, "ಅಯ್ಯೋ ಇಲಾರಿಯೊ, ಜೋಪಾನ!" ಅಂದಳು. ಸರಿ, ಗಿಡ್ಡನೇ ಅಪ್ಪ, ಮುಗೀತು. ಕಣ್ಣೊರೆಸಿಕೊಂಡೆ. ಆದರೆ ಎರಡನೇದರಲ್ಲಿ, ಕಾರಂಜಿ ಹತ್ತಿರ ಉದ್ದನೆಯವನು ಗುದ್ದುವಾಗ ಮತ್ತೆ "ಇಲಾರಿಯೊ!" ಮೂರನೇದರಲ್ಲೂ ಅದೇ ಹಾಡು. ನನಗೆ ತಲೆಬುಡ ತಿಳಿಯಲಿಲ್ಲ. ಇವಳಿಗೆ ನಿಜವಾಗಲೂ ಅರಳು ಮರಳೋ, ಇಲ್ಲ ನನಗೋ?

"ಅಮ್ಮಾ, ಮೂವರೂ ಅಪ್ಪ ಹೇಗಾಗ್ತಾರೆ? ಒಬ್ಬ ಗಿಡ್ಡ, ಒಬ್ಬ ಉದ್ದ, ಇವನಿಗೆ ನೋಡಿದ್ರೆ ಡೊಳ್ಳುಹೊಟ್ಟೆ!"

"ಯಾವ ಹೊಟ್ಟೆ? ನಿಮ್ಮಪ್ಪ ಕಡ್ಡಿ ಇದ್ದ ಹಾಗಿದ್ದ."

"ಆ ಮುಖವಾಡದೋನ ಹೊಟ್ಟೆ ಅಮ್ಮಾ! ಅಲ್ಲಿ ನೋಡು, ಹೊಡೀತಿದಾನಲ್ಲ!"

ಅಮ್ಮನಿಗೇ ರೇಗಿತು. "ಹೊಡೆಯೋನ್ನ ಯಾಕೆ ನೋಡ್ತೀ? ಬಿದ್ದಿರೋನ್ನ ನೋಡೇ!"

ನೋಡಿದೆ. ಖಳನಾಯಕನ ಚೇಲಾ. ಸಣಕಲ, ಅಗಲ ಕಿವಿ, ಕುರುಚಲು ಮೀಸೆ. ಮೊದಲನೇದರಲ್ಲಿ ಈರುಳ್ಳಿ ಮೂಟೆ ಮೇಲೆ ಎಸೆಸಿಕೊಂಡವನೂ ಇವನೇ, ಎರಡನೇದರಲ್ಲಿ ಕಾರಂಜಿಗೆ ತಲೆಕೆಳಗಾಗಿ ಬಿದ್ದವನೂ ಇವನೇ. ಅವನು ಬಿದ್ದಾಗಲೆಲ್ಲ ಟಾಕೀಸು ಕೇಕೆ ಹಾಕುತ್ತಿತ್ತು. ಸ್ವಲ್ಪ ಹೊತ್ತಿನ ಮುಂಚೆ ನಾನೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಚಿಕ್ಕಂದಿನಲ್ಲಿ ಅವನು ಬೀಳೋದನ್ನೇ ಅಣಕಿಸಿ ಓಣಿಯವರನ್ನೆಲ್ಲ ನಗಿಸುತ್ತಿದ್ದೆ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು.

"ನಿಮಗೆ ಗೊತ್ತಿತ್ತಾ?" ಅಂತ ದೋನ್ ಕ್ರಿಸಾಂತೊನ ತೋಳು ಹಿಡಿದು ಅಲ್ಲಾಡಿಸಿದೆ.

ಅವನು ಪೊಟ್ಟಣ ಕೆಳಗಿಟ್ಟ. "ಇಲಾರಿಯೊಗೆ ನಾನು ಯಾವತ್ತೂ ಮುಖವಾಡ ಹೊಲೀಲಿಲ್ಲ ತಾಯಿ. ಒದೆ ತಿನ್ನೋನ ಮಗಳು ಅಂತ ನಿನ್ನ ಯಾರೂ ಆಡ್ಕೋಬಾರ್ದು ಅಂತ ಎರ್ಮಿನಿಯಾ ಈ ಸುಳ್ಳು ಕಟ್ಟಿದ್ಲು. ಮುಖವಾಡದ ವಿಷಯ ಅಂದ್ರೆ ನಮ್ಮಲ್ಲಿ ಯಾರೂ ಕೆದಕಲ್ಲವಲ್ಲ. ನನ್ನಿಂದ್ಲೂ ಆಣೆ ಮಾಡಿಸ್ಕೊಂಡಿದ್ಲು."

ಸಿಟ್ಟೋ ನಾಚಿಕೆಯೋ ಸಂತೋಷವೋ, ಒಂದೂ ಗೊತ್ತಾಗಲಿಲ್ಲ. ಅಮ್ಮನನ್ನು ಬೈಯಬೇಕು ಅನ್ನಿಸಿತು, ತಬ್ಬಿಕೊಳ್ಳಬೇಕು ಅಂತಲೂ ಅನ್ನಿಸಿತು. ಐವತ್ತು ವರ್ಷ ಮುಚ್ಚಿದ ಮುಖಗಳಲ್ಲಿ ಹುಡುಕಿದೆ. ಅವನೋ, ಮೂರು ಸಿನಿಮಾದಲ್ಲೂ ಮುಖ ತೆರೆದುಕೊಂಡೇ ನಿಂತಿದ್ದ.

ಪರದೆ ಮೇಲೆ ಡೊಳ್ಳುಹೊಟ್ಟೆಯ ಮಿಂಚು ಅವನನ್ನು ಎತ್ತಿ ನೆಲಕ್ಕೆ ಕುಕ್ಕಿದ. "ಹಾಕು! ಇನ್ನೊಂದು ಹಾಕು!" ಅಂತ ಜನ ಚಪ್ಪಾಳೆ ಹೊಡೆದರು. ಅವನು ಅಲುಗಾಡಲಿಲ್ಲ.

ನಾನು ಎದ್ದು ನಿಂತಿದ್ದೆ. "ಏಳಪ್ಪಾ!"

ಹಿಂದಿನ ಸಾಲಿನವನು, "ಕೂತ್ಕೊಳ್ಳಮ್ಮ, ಕಾಣಿಸ್ತಿಲ್ಲ" ಅಂದ.

"ಅಪ್ಪಾ, ಏಳು! ಏಳಪ್ಪಾ!"